ಸಸಿ ಹಚ್ಚಿದ ಮ್ಯಾಲೆ ಏನು? ಊರ ಅಡವಿ ಪಾರ್ಕ್ ಜನಾನ ಕೂಡಿ ಕಾಯೋದು ಹೆಂಗ

ವಿಜಯಪುರದಾಗ ಸಸಿ ಹಚ್ಚೋರಿಗೆ ಕಡಿಮಿ ಇಲ್ಲ. ಕೋಟಿ ವೃಕ್ಷ ಅಭಿಯಾನ ಶುರು ಆದ ಮ್ಯಾಲಂತೂ ಸಾಲಿ ಹುಡುಗರಿಂದ ಹಿಡಿದು ಬ್ಯಾಂಕಿನ ಸ್ಟಾಫ್ ತನಕ ಎಷ್ಟೋ ಮಂದಿ ಒಂದಲ್ಲ ಒಂದು ಸಲ ಕೈಗೆ ಮಣ್ಣು ಹಚ್ಕೊಂಡಾರ, ವೃಕ್ಷಥಾನ್ ಅಂತ ಓಡ್ಯಾರ, ಇದನ್ನೆಲ್ಲಾ ಮಾಡಿದವರಿಗೆ ನಾನು ಮನಸಾರೆ ಕೈ ಮುಗಿತೀನಿ. ಆದ್ರ ಸಸಿ ಹಚ್ಚೋದು ಒಂದು ದಿನದ ಕೆಲಸ. ಅದೇ ಜಾಗ ಹತ್ತು ವರ್ಷ, ಇಪ್ಪತ್ತು ವರ್ಷ ಅಡವಿ ಆಗಿ ಉಳೀಬೇಕಂದ್ರ ನಡುವ ಏನೇನು ನಡೀಬೇಕು, ಅದನ್ನ ಯಾರು ಮಾಡ್ಬೇಕು, ಸರಕಾರದ ಜಾಗಾದಾಗ ನಮ್ಮಂಥ ಸಾಮಾನ್ಯ ಮಂದಿ ಎಷ್ಟರ ಮಟ್ಟಿಗೆ ಕೈ ಹಾಕಬಹುದು, ಇದರ ಬಗ್ಗೆ ಮಾತಾಡೋರು ಭಾಳ ಕಡಿಮಿ. ಹಂಗಾಗಿ ಇದನ್ನ ಬರೀಲಿಕ್ಕೆ ಕುಂತೀನಿ.

ಮೊದಲ ನಮ್ಮ ನೆಲ ಎಂಥಾದ್ದು ಅಂತ ತಿಳ್ಕೋಬೇಕು. ನಮ್ಮ ಜಿಲ್ಲೆಯೊಳಗ ಅಡವಿ ಇರೋದು ನೂರಕ್ಕ ಒಂದು ಪಾಲೂ ಇಲ್ಲ. 1988ರ ರಾಷ್ಟ್ರೀಯ ಅರಣ್ಯ ನೀತಿ ದೇಶದ ಮೂರನೇ ಒಂದು ಪಾಲು ನೆಲ ಗಿಡಗಂಟಿ ಇರ್ಬೇಕು ಅಂತು, ಭಾಷಣ ಮಾಡೋರೆಲ್ಲಾ ಆ 33 ಪರ್ಸೆಂಟ್ ಹಿಡ್ಕೊಂಡು ನಮ್ಮನ್ನ ಅಳೀತಾರ. ನನಗ ಅನ್ಸೋ ಪ್ರಕಾರ ಆ ಅಳತಿ ನಮ್ಮ ಕಡೆಗೆ ಸರಿಯಾಗಿ ಹೊಂದಂಗಿಲ್ಲ. ವರ್ಷಕ್ಕ 600 ಮಿ.ಮೀ ಒಳಗ ಮಳಿ ಬೀಳೋ ಎರಿ ನೆಲ, ನಡುವ ನಡುವ ಕಲ್ಲು ಗರಸಿನ ಮಡ್ಡಿ, ಇಲ್ಲಿ ಮೊದಲಿಂದ ಇದ್ದದ್ದೇ ಹುಲ್ಲುಗಾವಲು, ಮುಳ್ಳುಕಂಟಿ, ಹಳ್ಳದ ದಂಡಿ ಗಿಡಗಳು. ಬಾಗಲಕೋಟೆ ಜಿಲ್ಲೆಯ ಯಡಹಳ್ಳಿ ನೋಡ್ರಿ, ಸುಮಾರು 96 ಚದರ ಕಿ.ಮೀ ಜಾಗಾನ 2016ರಾಗ ಚಿಂಕಾರ (ಚಿಗರಿ ಹಂಗ ಇರೋ ಪ್ರಾಣಿ) ವನ್ಯಜೀವಿ ಧಾಮ ಅಂತ ಘೋಷಿಸಿದ್ರು. ಅದು ದಾಂಡೇಲಿ ಹಂಗ ಕತ್ತಲಿ ಕವಿಯೋ ಅಡವಿ ಅಲ್ಲ, ಕುರುಚಲು ಕಾಡು, ಆದ್ರ ಆ ಚಿಂಕಾರಗಳಿಗೆ ಬೇಕಾದದ್ದು ಅದೇ ಬಯಲು, ಅದೇ ಕಂಟಿ. ಅದಕ್ಕ ನಮ್ಮ ಪಾರ್ಕಿನ ಜಾಗಾದಾಗ ಹುಲ್ಲು, ಕವಳಿ ಕಂಟಿ, ಬಾರಿ ಕಂಟಿ ಕಂಡ ಕೂಡ್ಲೆ ಪಾಳು ಬಿದ್ದೈತಿ ಅಂತ ಜೆಸಿಬಿ ತರ್ಸಿ ಕೆರೆದು ಸ್ವಚ್ಛ ಮಾಡಿ ಸಾಲಾಗಿ ಸಸಿ ಹಚ್ಚೋದು, ನನ್ನ ಲೆಕ್ಕದಾಗ, ಇದ್ದ ಅಡವೀನ ಕೆಡವಿ ಇಲ್ಲದ್ದನ್ನ ಹುಡುಕಿದಂಗ.

ಇನ್ನ ಇಂಥಾ ಜಾಗ ಕೆಡೋದು ಹೆಂಗ? ಕೊಡಲಿ ತಗೊಂಡು ಕಡಿಯೋರು ಕಣ್ಣಿಗೆ ಕಾಣ್ತಾರ, ಆದ್ರ ಹೆಚ್ಚಿನ ಕೇಡು ಕಣ್ಣಿಗೆ ಕಾಣದಂಗ ನಡೀತೈತಿ. ವಾಕಿಂಗ್ ಬರೋರು ಒಂದು ಕಾಲುದಾರಿ ಇದ್ರೂ ಕೆಸರು ಆಯ್ತು ಅಂತ ಪಕ್ಕಕ್ಕ ಇನ್ನೊಂದು ಮಾಡ್ತಾರ, ಅದರ ಪಕ್ಕಕ್ಕ ಬೈಕಿನವರು ಮತ್ತೊಂದು, ಹಿಂಗ ಆಗಿ ಆಗಿ ಗಿಡದ ಬುಡದ ಸುತ್ತಲಿನ ಮಣ್ಣು ರಾಶಿ ಮಾಡೋ ಕಣದಂಗ ಗಟ್ಟಿ ಆಗಿಬಿಡ್ತೈತಿ. ಗಟ್ಟಿ ಮಣ್ಣಾಗ ನೀರು ಇಳ್ಯಂಗಿಲ್ಲ, ಗಾಳಿ ಆಡಂಗಿಲ್ಲ, ಬಿದ್ದ ಬೀಜ ಬೇರು ಇಳಸಾಕ ಆಗಂಗಿಲ್ಲ. ದೊಡ್ಡ ಗಿಡ ಅದಾವ ಬಿಡು ಅಂತ ನಾವು ಸಮಾಧಾನ ಮಾಡ್ಕೋತೀವಿ, ಆದ್ರ ಆ ದೊಡ್ಡ ಗಿಡದ ಕೆಳಗ ಮೊಣಕಾಲು ಎತ್ತರದ ಒಂದು ಮರಿ ಗಿಡಾನೂ ಇಲ್ಲ ಅಂದ್ರ ಆ ಅಡವಿಗೆ ಮುಂದಿನ ಪೀಳಿಗಿ ಇಲ್ಲ ಅಂತ ಅರ್ಥ. ಇದಲ್ಲದ ಮನಿ ಕೆಡವಿದ ಡೆಬ್ರಿ ರಾತ್ರಿ ಟ್ರ್ಯಾಕ್ಟರಿನ್ಯಾಗ ತಂದು ಸುರುವೋದು, ಬ್ಯಾಸಿಗಿ ಬೆಂಕಿ, ಪ್ಲಾಸ್ಟಿಕ್, ಇವೆಲ್ಲಾ ಎಲ್ಲಾರಿಗೂ ಗೊತ್ತಿರೋದೇ.

ನೀರಿನ ಮಾತು ಸ್ವಲ್ಪ ಲೆಕ್ಕ ಹಾಕಿ ಹೇಳ್ತೀನಿ, ಯಾಕಂದ್ರ ಇಲ್ಲೇ ಮಂದಿ ಸೋಲ್ತಾರ. ಒಂದು ಚದರ ಮೀಟರ್ ನೆಲದ ಮ್ಯಾಲ 1 ಮಿ.ಮೀ ಮಳಿ ಬಿತ್ತು ಅಂದ್ರ 1 ಲೀಟರ್ ನೀರು. ಒಂದು ಎಕರೆ ಅಂದ್ರ 4,047 ಚದರ ಮೀಟರ್. ವರ್ಷಕ್ಕ 600 ಮಿ.ಮೀ ಹಿಡಿದ್ರ ಒಂದು ಎಕರೆಗೆ 24 ಲಕ್ಷ ಲೀಟರಿಗಿಂತ ಹೆಚ್ಚು ನೀರು ಮ್ಯಾಲಿಂದ ಬೀಳ್ತೈತಿ, 5,000 ಲೀಟರಿನ ಟ್ಯಾಂಕರ್ ಲೆಕ್ಕದಾಗ ಹತ್ತತ್ರ 485 ಟ್ಯಾಂಕರ್. ಯಾವ ದಾನಿನೂ ಒಂದು ಎಕರೆಗೆ ಅಷ್ಟು ಟ್ಯಾಂಕರ್ ಕೊಡಂಗಿಲ್ಲ! ಆದ್ರ ಗಟ್ಟಿ ನೆಲ, ಇಳಿಜಾರು, ಮ್ಯಾಲ ಒಂದು ಎಲಿ ಕಸಾನೂ ಇಲ್ಲ ಅಂದ್ರ ಅದರಾಗ ಭಾಳಷ್ಟು ಅರ್ಧ ತಾಸಿನ್ಯಾಗ ಹಳ್ಳ ಸೇರ್ತೈತಿ, ಹೋಗೂ ಮುಂದ ಮ್ಯಾಲಿನ ಒಳ್ಳೆ ಮಣ್ಣೂ ತಗೊಂಡು ಹೋಗ್ತೈತಿ. ಹಂಗಾಗಿ ಅಡವಿ ರಿಪೇರಿ ಅನ್ನೋದು ಸಸಿಯಿಂದ ಅಲ್ಲ, ಮಳಿ ನೀರು ನಿಲ್ಲಸೋದ್ರಿಂದ ಶುರು ಆಗ್ಬೇಕು. ಇಳಿಜಾರಿಗೆ ಅಡ್ಡ, ಒಂದೇ ಮಟ್ಟದಾಗ, ಉದ್ದಕ್ಕ ಸಣ್ಣ ಕಂದಕ ತೆಗೆಯೋದು, ಕೊರಕಲಿನ್ಯಾಗ ಅಲ್ಲೇ ಸಿಗೋ ಕಲ್ಲು ಒಟ್ಟಿ ಸಣ್ಣ ಸಣ್ಣ ತಡೆ ಕಟ್ಟೋದು. ಸಿಮೆಂಟ್ ಬ್ಯಾಡ, ನೀರು ಕಲ್ಲಿನ ಸಂದಿಯಿಂದ ನಿಧಾನಕ್ಕ ಹೋಗ್ಲಿ, ಮಣ್ಣು ಹಿಂದ ಕುಂದ್ರಲಿ. ನಮ್ಮ ಹಿರ್ಯಾರು ಹೊಲದಾಗ ಬದು ಹಾಕಿದ್ದು ಇದೇ ಕಾರಣಕ್ಕ. ಈ ಕೆಲಸ ಮೇ ಮುಗಿಯೋದ್ರೊಳಗ ಆಗ್ಬೇಕು, ಮಳಿ ಬಂದ ಮ್ಯಾಲ ಎರಿ ಮಣ್ಣಾಗ ಕಾಲು ಇಡಾಕ ಆಗಂಗಿಲ್ಲ.

ನೀರು ನಿಲ್ಲಿಸಿದ ಮ್ಯಾಲ ಒಂದು ಮಳಿಗಾಲ ಸುಮ್ಮನ ನೋಡ್ರಿ. ಇದು ಭಾಳ ಮಂದಿಗೆ ಸೇರಂಗಿಲ್ಲ, ಏನಾದ್ರೂ ಮಾಡ್ಬೇಕು ಅಂತ ಕೈ ಕಡೀತೈತಿ, ಆದ್ರ ಆ ನೆಲದಾಗ ಏನೇನು ಉಳದೈತಿ ಅಂತ ತಿಳಿಯೋದು ಆವಾಗ ಮಾತ್ರ. ಆಡು ತಿಂದು ತಿಂದು ಗೇಣುದ್ದ ಉಳಿದ ಬಾರಿ, ಬನ್ನಿ, ಮುತ್ತಲ, ಇವುಗಳ ಬೇರು ಕೆಳಗ ಹಳೇದಿರ್ತೈತಿ, ಗಟ್ಟಿ ಇರ್ತೈತಿ. ಎರಡು ವರ್ಷ ಯಾರೂ ಕಡಿಯದಂಗ, ಮೇಯದಂಗ ಕಾದ್ರ ಅವು ಬೆಳಿಯೋ ವೇಗಕ್ಕ ನರ್ಸರಿಯಿಂದ ತಂದ ಸಸಿ ಸಾಟಿ ಆಗಂಗಿಲ್ಲ. ಹಕ್ಕಿಗಳು ಬೇವಿನ ಹಣ್ಣು ತಿಂದು ಕುಂತ ಕಡೆ ಬೀಜ ಉದುರಸ್ತಾವ, ಅದಕ್ಕ ದೊಡ್ಡ ಗಿಡದ ಕೆಳಗ, ಕಂಟಿ ನಡುವ ಬೇವಿನ ಮರಿ ತಾನಾಗೇ ಏಳ್ತಾವ. ಮುಳ್ಳುಕಂಟಿ ಅಂತ ನಾವು ಬಯ್ಯೋದು ಆ ಮರಿಗೆ ಬೇಲಿ ಆಗಿರ್ತೈತಿ. ಇಂಥಾ ತಾನಾಗೇ ಎದ್ದ ಮರಿಗಳಿಗೆ ಒಂದು ಬಣ್ಣದ ಅರಬಿ ಕಟ್ಟಿ ಗುರ್ತು ಮಾಡಿ ಕಾಯೋದು, ಸುತ್ತ ಒಣ ಹುಲ್ಲು ಹಾಸೋದು, ಇದಕ್ಕ ರೊಕ್ಕ ಭಾಳ ಹತ್ತಂಗಿಲ್ಲ, ಗಮನ ಬೇಕು.

ಆಮ್ಯಾಲ ಬಳ್ಳಾರಿ ಜಾಲಿ. ಅಮೆರಿಕ ಖಂಡದಿಂದ ಬ್ರಿಟಿಷರ ಕಾಲಕ್ಕ ಬಂದದ್ದು, ಈಗ ಉತ್ತರ ಕರ್ನಾಟಕದ ಎಲ್ಲಾ ಹಳ್ಳ, ಕೆರಿ ಅಂಗಳ, ರೋಡ್ ಸೈಡ್ ತುಂಬೈತಿ. ಕಾಯಿ ಸಿಹಿ ಇರ್ತೈತಿ, ಆಡು ಕುರಿ ದನ ತಿಂತಾವ, ಬೀಜ ಜೀರ್ಣ ಆಗದ ಹಿಕ್ಕಿ ಸಗಣಿ ಕೂಡ ಬಿದ್ದು ಹೊಸ ಹೊಸ ಕಡೆ ಹುಟ್ತೈತಿ. ನೆಲದ ಮಟ್ಟಕ್ಕ ಕಡದ್ರ ಸಾಯಂಗಿಲ್ಲ, ಒಂದು ಬೊಡ್ಡಿಗೆ ಹತ್ತು ಚಿಗುರು ಒಡೀತೈತಿ, ಮೊದಲಿಗಿಂತ ದಟ್ಟ ಆಗ್ತೈತಿ. ಚಿಗುರೋ ಕಣ್ಣುಗಳು ಮಣ್ಣಿನ ಒಳಗಿನ ಬೊಡ್ಡಿಯೊಳಗ ಇರ್ತಾವ, ಅದಕ್ಕ ನೆಲ ಅಗೆದು ಆ ಬೊಡ್ಡಿ ಸಮೇತ ತೆಗೀಬೇಕು. ಜೋಧಪುರದ ಮೆಹ್ರಾನ್‌ಗಢ ಕೋಟೆ ಪಕ್ಕದ 70 ಹೆಕ್ಟೇರ್ ಕಲ್ಲು ನೆಲದಾಗ 2006ರಿಂದ ರಾವ್ ಜೋಧಾ ಮರುಭೂಮಿ ಶಿಲಾ ಉದ್ಯಾನ ಕಟ್ಟುವಾಗ ಇದೇ ಗಿಡ ದೊಡ್ಡ ತಲಿಬ್ಯಾನಿ ಆಗಿತ್ತು, ಕಡೀಕ ಅಲ್ಲಿನ ಕಲ್ಲುಗಣಿ ಕೆಲಸದವರನ್ನ ಕರ್ಸಿ ಉಳಿ ಸುತ್ತಿಗಿಯಿಂದ ಬಂಡೆಗಲ್ಲು ಒಡದು ಬೇರು ತೆಗಸಿದ್ರು, ಆ ಮ್ಯಾಲ ಅಲ್ಲಿನ ಸ್ಥಳೀಯ ಗಿಡ ಹಚ್ಚಿದ್ರು. ಪುಸ್ತಕ ಓದಿದವರಿಂದ ಆಗದ್ದು ಕಲ್ಲಿನ ಗುಣ ಬಲ್ಲವರಿಂದ ಆಯ್ತು. ಬಾಗಲಕೋಟೆ, ಬಾದಾಮಿ, ಇಳಕಲ್ ಕಡೆ ಕಲ್ಲಿನ ಕೆಲಸ ಗೊತ್ತಿರೋರು ನಮ್ಮಲ್ಲೂ ಅದಾರ, ಇದು ನೆನಪಿರ್ಲಿ.

ಆದ್ರ ಬಳ್ಳಾರಿ ಜಾಲಿ ಒಮ್ಮೆಲೆ ಎಲ್ಲಾ ಕಿತ್ತು ಬಯಲು ಮಾಡಬ್ಯಾಡ್ರಿ. ಸುತ್ತಲಿನ ಎಷ್ಟೋ ಮನಿಗಳಿಗೆ ಅದೇ ಉರವಲು, ಇನ್ನ ಹಕ್ಕಿಗಳು ಗೂಡು ಕಟ್ಟಿರ್ತಾವ, ಬಯಲಾದ ಮಣ್ಣು ಒಂದೇ ಮಳಿಗೆ ತೊಳೆದು ಹೋಗ್ತೈತಿ. ಅರ್ಧ ಅರ್ಧ ಎಕರೆ ತುಂಡು ಮಾಡ್ಕೊಂಡು, ಕಿತ್ತ ಕಟಗಿ ಅದೇ ಮನಿಯವರಿಗೆ ಕೊಟ್ಟು, ಖಾಲಿ ಆದ ಕಡೆ ಅದೇ ವರ್ಷ ಹುಲ್ಲು ಮತ್ತ ನಮ್ಮ ಗಿಡ ಬರೋ ಹಂಗ ನೋಡ್ಕೊಂಡು ಮುಂದ ಹೋಗ್ಬೇಕು. ಜಾಲಿ ಬೀಜ ಮಣ್ಣಾಗ ವರ್ಷಗಟ್ಲೆ ಜೀವ ಹಿಡ್ಕೊಂಡಿರ್ತೈತಿ, ಅದಕ್ಕ ಪ್ರತಿ ಮಳಿಗಾಲ ನೆಲ ಹಸಿ ಇದ್ದಾಗ ಹೊಸ ಮರಿ ಕೈಯಿಂದ ಕಿತ್ತಬೇಕು. ರವಿವಾರ ಮುಂಜಾನೆ ಎರಡು ತಾಸು ಬರೋ ಮಂದಿಗೆ ಇದಕ್ಕಿಂತ ಒಳ್ಳೆ ಕೆಲಸ ಇಲ್ಲ, ಫೋಟೋ ಚಂದ ಬರಂಗಿಲ್ಲ ಅಷ್ಟೇ.

ಇಷ್ಟೆಲ್ಲಾ ಆದ ಮ್ಯಾಲ ಸಸಿ. ಕರಿಜಾಲಿ, ಬಿಳಿಜಾಲಿ, ಬನ್ನಿ, ಬೇವು, ಹೊಂಗಿ, ಹುಣಸಿ, ಕಕ್ಕಿ, ಕಮರ, ಅತ್ತಿ, ಬಸರಿ, ಇವು ನಮ್ಮ ನೆಲ ಗೊತ್ತಿದ್ದ ಗಿಡ. ಬರೇ ಬೇವು ಹಚ್ಚಬ್ಯಾಡ್ರಿ, ಈಚೀಚೆಗೆ ಬೇವಿನ ಟೊಂಗಿ ತುದಿಯಿಂದ ಒಣಗೋ ಶಿಲೀಂಧ್ರ ರೋಗ ಕಾಣ್ತೈತಿ, ಒಂದೇ ಜಾತಿ ಇದ್ರ ಎಲ್ಲಾ ಒಟ್ಟಿಗೆ ಹೋಗ್ತಾವ. ಎತ್ತರದ ಸಸಿ ಅಂದ್ರ ಒಳ್ಳೆ ಸಸಿ ಅಂತ ನಮ್ಮ ಮಂದಿ ತಿಳ್ಕೊಂಡಾರ, ಸಣ್ಣ ಚೀಲದಾಗ ಎರಡು ವರ್ಷ ನಿಂತ ಸಸಿಯ ತಾಯಿಬೇರು ತಳದಾಗ ಸುತ್ತಿ ಸುತ್ತಿ ಗಂಟು ಆಗಿರ್ತೈತಿ, ನೆಲಕ್ಕ ಹಾಕಿದ್ರೂ ಅದು ಕೆಳಗ ಇಳ್ಯಂಗಿಲ್ಲ. ಬೇವಿನ ಬೀಜ ಹಣ್ಣಾಗಿ ಬಿದ್ದ ಎರಡು ಮೂರು ವಾರದೊಳಗ ಮೊಳಕಿ ಒಡಿಯೋ ಶಕ್ತಿ ಕಳ್ಕೋತೈತಿ, ಹಂಗಾಗಿ ಆರಿಸಿದ ಕೂಡ್ಲೆ ಕಂದಕದ ದಂಡಿಗೆ ಊರಬೇಕು, ಮುಂದಿನ ವರ್ಷಕ್ಕ ಇಟ್ಟು ಉಪಯೋಗ ಇಲ್ಲ. ಇನ್ನ ನೀರು. ದಿನಾ ಒಂದು ಚರಿಗಿ ಹಾಕಿದ್ರ ಬೇರು ಮ್ಯಾಲೇ ಉಳಿತೈತಿ, ಬ್ಯಾಸಿಗ್ಯಾಗ ಎರಿ ಮಣ್ಣು ಬಿರುಕು ಬಿಟ್ಟಾಗ ಆ ಸಣ್ಣ ಬೇರು ಹರಿದು ಸಸಿ ಒಣಗ್ತೈತಿ. ದಿನ ಬಿಟ್ಟು ಬಿಟ್ಟು, ಹಾಕಿದಾಗ ತಳ ಮುಟ್ಟೋ ಹಂಗ ಹಾಕಿ, ಬುಡಕ್ಕ ಒಣ ಹುಲ್ಲು, ತೊಗರಿ ಹೊಟ್ಟು ಹಾಸಿದ್ರ ಬಿರುಕೂ ಕಡಿಮಿ ಆಗ್ತೈತಿ. ನಮ್ಮಲ್ಲಿ ಹೆಚ್ಚು ಮಳಿ ಬೀಳೋದು ಸೆಪ್ಟೆಂಬರ್‌ದಾಗ, ಅದಕ್ಕ ಪರಿಸರ ದಿನ ಅಂತ ಜೂನ್ 5ರಂದೇ ಸಸಿ ಹಚ್ಚಬೇಕು ಅನ್ನೋ ಹಟ ಬಿಡ್ರಿ, ನೆಲ ಒಂದು ಮೊಳ ಹಸಿ ಆಗಿರೋದು ನೋಡಿ ಹಚ್ರಿ. ಸಾಲಿ ಹುಡುಗರ ಕೈಲಿ ಬೀಜದುಂಡಿ ಎಸಸೋ ಕಾರ್ಯಕ್ರಮಕ್ಕ ನನ್ನ ಮನಸ್ಸು ಒಪ್ಪಂಗಿಲ್ಲ, ಬೋಳು ಗುಡ್ಡದ ಮ್ಯಾಲ ಬಿದ್ದ ಉಂಡಿ ಮೊಳಕಿ ಒಡೆದರೂ ನಾಲ್ಕು ದಿನದ ಬಿಸಲಿಗೆ ಸಾಯ್ತೈತಿ, ಅದೇ ಹುಡುಗರಿಂದ ಕಂದಕದ ದಂಡಿಗೆ ಬೀಜ ಊರಸ್ರಿ.

ಈಗ ಮಂದಿ ವಿಷಯ. ಊರ ಅಡವಿ ಕಾಯೋ ಗುಂಪು ಅಂದ್ರ ಸಾಮಾನ್ಯವಾಗಿ ವಾಕಿಂಗ್ ಬರೋ ಡಾಕ್ಟರ್, ಲೆಕ್ಚರರ್, ರಿಟೈರ್ಡ್ ನೌಕರರು. ಅವರು ಬೇಕೇ ಬೇಕು, ಅರ್ಜಿ ಬರಿಯೋದು, ಆಫೀಸಿಗೆ ಓಡಾಡೋದು ಅವರಿಂದ ಆಗ್ತೈತಿ. ಆದ್ರ ಮಾರ್ಚ್ ತಿಂಗಳು ಮಟಮಟ ಮಧ್ಯಾಹ್ನ ಹುಲ್ಲಿಗೆ ಬೆಂಕಿ ಬಿದ್ದಾಗ ಅಲ್ಲಿ ಇರೋರು ಯಾರು? ಕುರಿ ಕಾಯೋರು, ಉರವಲು ಆರ್ಸೋ ಹೆಣ್ಮಕ್ಕಳು, ಇಲಾಖೆಯ ವಾಚರ್. ಇವರನ್ನ ಹೊರಗಿಟ್ಟು ಮುಳ್ಳುತಂತಿ ಹಾಕಿದ್ರ ತಂತಿ ಒಂದು ವರ್ಷ ಇರ್ತೈತಿ, ಜಗಳ ಹತ್ತು ವರ್ಷ ಇರ್ತೈತಿ. ಕೂತು ಮಾತಾಡಿದ್ರ ದಾರಿ ಸಿಗ್ತಾವ. ಜಾಗಾನ ನಾಲ್ಕು ಪಾಲು ಮಾಡಿ, ಹೊಸ ಗಿಡ ಇರೋ ಪಾಲು ಮೂರು ವರ್ಷ ಬಂದ್, ಉಳಿದ ಕಡೆ ಸರದಿ ಪ್ರಕಾರ ಮೇವು. ಬಂದ್ ಇದ್ದ ಪಾಲಿನ್ಯಾಗ ಕುಡಗೋಲಿನಿಂದ ಹುಲ್ಲು ಕೊಯ್ದು ಹೊರಿ ಕಟ್ಟಿ ಒಯ್ಯಾಕ ಅವರಿಗೇ ಮೊದಲ ಹಕ್ಕು. ಹುಲ್ಲು ಕೊಯ್ದು ಹೋದ್ರ ಬ್ಯಾಸಿಗ್ಯಾಗ ಉರಿಯಾಕ ಒಣ ಹುಲ್ಲೇ ಕಡಿಮಿ, ಬೆಂಕಿನೂ ಅಲ್ಲೇ ತಡೀತೈತಿ. ಜನವರಿಯೊಳಗ ಪಾರ್ಕಿನ ಸುತ್ತ, ಒಳಗಿನ ದಾರಿಗುಂಟ ಐದಾರು ಮೀಟರ್ ಅಗಲ ಹುಲ್ಲು ಕೆತ್ತಿ ಬೆಂಕಿರೇಖಿ ಮಾಡೋದು, ಯಾರಿಗೆ ಹೊಗಿ ಕಂಡ್ರೂ ಫೋನ್ ಮಾಡಾಕ ಒಂದು ನಂಬರ್ ಎಲ್ಲಾರ ಹತ್ರ ಇರೋದು, ಹಸಿ ಟೊಂಗಿ, ಗೋಣಿಚೀಲ, ನೀರಿನ ಡ್ರಮ್ ಒಂದು ಕಡೆ ಇಡೋದು. ಕುರಿಗಾರರಿಗೆ ಯಾವ ಗಿಡ ಯಾವಾಗ ಹೂ ಬಿಡ್ತೈತಿ, ತೋಳ ಎಲ್ಲಿ ದಾಟ್ತೈತಿ, ಚಿಗರಿ ಯಾವ ಕಡೆ ಮಲಗ್ತಾವ ಅನ್ನೋದೆಲ್ಲಾ ಗೊತ್ತಿರ್ತೈತಿ. ಕಮಿಟಿ ಮೀಟಿಂಗಿನ್ಯಾಗ ಅವರಿಗೆ ಖುರ್ಚಿ ಹಾಕ್ರಿ, ಮೀಟಿಂಗ್ ಟೈಮೂ ಅವರಿಗೆ ಹೊಂದೋ ಹಂಗ ಇಡ್ರಿ.

ಒಳ್ಳೆ ಮನಸ್ಸು ಅಷ್ಟಾದ್ರ ಸಾಲದು, ಕಾಗದ ಬೇಕು. ಜಾಗ ಯಾರದು ಅಂತ ಮೊದಲ ಉತಾರ (ಪಹಣಿ) ತೆಗಸಿ ನೋಡ್ಬೇಕು, ಯಾಕಂದ್ರ ಎಲ್ಲಾ ಹಸಿರು ಜಾಗ ಅರಣ್ಯ ಇಲಾಖೆದ್ದಲ್ಲ. ಮೀಸಲು ಅರಣ್ಯ ಇದ್ರ 1963ರ ಕರ್ನಾಟಕ ಅರಣ್ಯ ಅಧಿನಿಯಮ ನಡೀತೈತಿ, ಅಲ್ಲಿ ಇಲಾಖೆ ಅನುಮತಿ ಇಲ್ದ ಬಳ್ಳಾರಿ ಜಾಲಿ ಕಡದ್ರೂ ಅಪರಾಧ ಆಗಬಹುದು. ಮಹಾನಗರ ಪಾಲಿಕೆಯ ಉದ್ಯಾನ ಇದ್ರ 1985ರ ಉದ್ಯಾನ, ಆಟದ ಮೈದಾನ, ಬಯಲು ಜಾಗ ಕಾಪಾಡೋ ಕಾಯ್ದೆ ಐತಿ. ಗಾಯರಾಣ, ಅಂದ್ರ ದನ ಮೇಯಾಕ ಬಿಟ್ಟ ಸರಕಾರಿ ಜಾಗ ಇದ್ರ ತಹಶೀಲ್ದಾರ ಆಫೀಸು. ಹಳ್ಳಿ ಪಕ್ಕದ ಅರಣ್ಯ ಜಾಗಕ್ಕ 1993ರಾಗ ಶುರು ಆದ ಜಂಟಿ ಅರಣ್ಯ ಯೋಜನೆ ಪ್ರಕಾರ ಗ್ರಾಮ ಅರಣ್ಯ ಸಮಿತಿ ಮಾಡ್ಕೋಬಹುದು, ಉತ್ಪನ್ನದಾಗ ಸಮಿತಿಗೂ ಪಾಲು ಇರ್ತೈತಿ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಗ್ರಾಮ ಪಂಚಾಯ್ತಿಯಿಂದ ಪಾಲಿಕೆ ತನಕ ಎಲ್ಲಾ ಸ್ಥಳೀಯ ಸಂಸ್ಥೆಯೊಳಗ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ನಿಮ್ಮ ಜಾಗದ ಗಿಡ ಪ್ರಾಣಿ ಪಟ್ಟಿ ಅಲ್ಲಿನ ದಾಖಲೆ ಪುಸ್ತಕದಾಗ ಸೇರಸಾಕ ಕೇಳ್ರಿ. ಮುಂದೊಂದು ದಿನ ಅಲ್ಲಿ ಏನೂ ಇದ್ದಿಲ್ಲ, ಖಾಲಿ ಜಾಗ ಅಂತ ಯಾರಾದ್ರೂ ಅಂದಾಗ ಅದೇ ಪಟ್ಟಿ ಮಾತಾಡ್ತೈತಿ.

ದೊಡ್ಡ ಮಟ್ಟದಾಗ ಇದು ಆಗಿದ್ದು ಗುರುಗ್ರಾಮದಾಗ. ಅರಾವಳಿ ಜೀವವೈವಿಧ್ಯ ಉದ್ಯಾನ, ಸುಮಾರು 390 ಎಕರೆ, ಮೊದಲ ಕಲ್ಲುಗಣಿ ಮಾಡಿ ಹಾಳು ಬಿಟ್ಟ ಜಾಗ. 2010ರಿಂದ ಅಲ್ಲಿನ ನಾಗರಿಕರ ಗುಂಪು ಪಾಲಿಕೆ ಜತಿ ಕೂಡಿ, ಅರಾವಳಿಯ ಸ್ಥಳೀಯ ಗಿಡಗಳ ಬೀಜ ತಂದು, ತಮ್ಮದೇ ನರ್ಸರಿ ಮಾಡಿ ಬೆಳೆಸಿದ್ರು, ಕಂಪನಿಗಳು ರೊಕ್ಕ ಕೊಟ್ಟವು, ಮಂದಿ ಕೈ ಜೋಡಿಸಿದ್ರು. ನಡುವ ಅದರೊಳಗ ಹೈವೇ ಹಾಯಸೋ ಪ್ಲ್ಯಾನ್ ಬಂತು, ಅದೇ ಮಂದಿ ಎದ್ದು ನಿಂತು ತಡದ್ರು. 2022ರ ಫೆಬ್ರುವರಿಯೊಳಗ ದೇಶದ ಮೊದಲ ಓಇಸಿಎಂ ಅಂತ ಅದನ್ನ ಘೋಷಿಸಿದ್ರು, ಅಂದ್ರ ಅಭಯಾರಣ್ಯ ಅಲ್ಲದಿದ್ರೂ ಜೀವವೈವಿಧ್ಯ ಉಳಿಸೋ ಜಾಗ ಅನ್ನೋ ಮಾನ್ಯತೆ, ಜಾಗದ ಮಾಲಿಕತ್ವ ಬದಲಾಗಂಗಿಲ್ಲ. ಹೈವೇ ಬಂದಾಗ ಆ ಮಂದಿ ಯಾಕ ಎದ್ರು ಅಂದ್ರ ವರ್ಷಗಟ್ಲೆ ಅಲ್ಲಿ ಕೆಲಸ ಮಾಡಿದ್ರು, ಯಾವ ಗಿಡ ಎಲ್ಲೈತಿ ಅಂತ ಗೊತ್ತಿತ್ತು. ನಮ್ಮ ಬೆಳಗಾವಿಯ ವ್ಯಾಕ್ಸಿನ್ ಡಿಪೋ ಅನ್ನೋ ಗಿಡ ತುಂಬಿದ ಸರಕಾರಿ ಜಾಗಾದಾಗೂ ಸ್ಮಾರ್ಟ್ ಸಿಟಿ ಕಾಮಗಾರಿ ಬಂದಾಗ ಗಿಡ ಉಳಸಾಕ ನಿಂತವರು ದಿನಾ ಅಲ್ಲಿ ಅಡ್ಡಾಡೋ ಊರ ಮಂದೀನ.

ಒಂದು ಮಾತು ಸ್ವಲ್ಪ ಖಾರ ಆಗೇ ಹೇಳ್ತೀನಿ. ಅಭಿವೃದ್ಧಿ ಅಂತ ಬರೋ ಪೇವರ್, ಓಪನ್ ಜಿಮ್, ಹೈಮಾಸ್ಟ್ ಲೈಟ್, ಸಿಮೆಂಟಿನ ಜಿರಾಫೆ, ಇವು ಬಡಾವಣೆ ಗಾರ್ಡನ್‌ಗೆ ಇರ್ಲಿ, ಅಡವಿಗೆ ಬ್ಯಾಡ. ಬುಡಕ್ಕ ಸಿಮೆಂಟ್ ಕಟ್ಟಿ ಕಟ್ಟಿದ್ರ ಬೇರಿಗೆ ನೀರಿಲ್ಲ ಗಾಳಿ ಇಲ್ಲ, ರಾತ್ರಿ ಲೈಟ್ ಇದ್ರ ಪತಂಗ, ಬಾವಲಿ, ಗೂಬಿ ಎಲ್ಲಾದರ ಜೀವನ ಅಸ್ತವ್ಯಸ್ತ. 2021ರಾಗ ಬೆಂಗಳೂರಿನ ತುರಹಳ್ಳಿ ಅರಣ್ಯದಾಗ ಇಲಾಖೆನೇ ಟ್ರೀ ಪಾರ್ಕ್ ಮಾಡಾಕ ಹೊಂಟಾಗ ಸುತ್ತಲಿನ ಮಂದಿ ಅಡವಿ ಹಂಗೇ ಇರ್ಲಿ ಅಂತ ಬೀದಿಗೆ ಬಂದ್ರು, ಯೋಜನೆ ಕೈಬಿಟ್ರು. ನಗರದಾಗ ಗಿಡ ಕಡಿಯೋ ಪ್ರಸಂಗ ಬಂದ್ರ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ ಐತಿ, ವೃಕ್ಷಾಧಿಕಾರಿ ಅನುಮತಿ ಇಲ್ದ ಕಡಿಯಾಕ ಬರಂಗಿಲ್ಲ, 50ಕ್ಕಿಂತ ಹೆಚ್ಚು ಗಿಡ ಇದ್ರ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು. ಆ ನೋಟಿಸ್ ಬಂದಾಗ ಒಬ್ಬೊಬ್ಬರು ಬ್ಯಾರೆ ಬ್ಯಾರೆ ಬರದು ಕೊಡ್ರಿ, ಗಿಡದ ಜಾತಿ, ಸುತ್ತಳತಿ, ಫೋಟೋ ಸಮೇತ.

ಕೆಲಸ ಸರಿ ನಡದೈತೋ ಇಲ್ಲೋ ಅಂತ ತಿಳಿಯಾಕ ಆಗಸ್ಟ್‌ದಾಗ ಎಣಿಸಬ್ಯಾಡ್ರಿ, ಆವಾಗ ಎಲ್ಲಾನೂ ಹಸಿರು. ಮೇ ಕಡೀ ವಾರ ಎಣಸ್ರಿ, ಎಷ್ಟು ಬದುಕ್ಯಾವ ಅಂತ, ಅದೂ ಮೂರು ವರ್ಷ ಸತತ. ಹತ್ತು ಹತ್ತು ಮೀಟರಿನ ನಾಲ್ಕೈದು ಚೌಕ ಗುರ್ತು ಮಾಡಿ ಅದರೊಳಗ ತಾನಾಗೇ ಎದ್ದ ಮರಿ ಎಷ್ಟು ಅಂತ ಬರದಿಡ್ರಿ, ಒಂದೇ ಕಲ್ಲಿನ ಮ್ಯಾಲ ನಿಂತು ಪ್ರತಿ ವರ್ಷ ಅದೇ ತಿಂಗಳು ಒಂದು ಫೋಟೋ ತಗೀರಿ. ದಾನಿಗಳು ಸಸಿ ಕೊಡ್ತೀವಿ ಅಂದ್ರ, ಅರ್ಧ ರೊಕ್ಕ ಸಸಿಗೆ ಬ್ಯಾಡ, ಮೂರು ವರ್ಷದ ವಾಚರ್ ಪಗಾರಕ್ಕ ಕೊಡ್ರಿ ಅಂತ ಕೇಳೋ ಧೈರ್ಯ ಮಾಡ್ರಿ.

ನಿಮ್ಮ ಊರಾಗ ಶುರು ಮಾಡೋದಾದ್ರ ದೊಡ್ಡ ಸಂಘ, ಬ್ಯಾನರ್ ಏನೂ ಬೇಕಾಗಿಲ್ಲ, ವಾರಕ್ಕೊಮ್ಮೆ ತಪ್ಪದ ಬರೋ ಐದಾರು ಮಂದಿ ಸಾಕು. ಉತಾರ ತೆಗಸ್ರಿ, ಜಾಗದ ಒಂದು ಕೈನಕ್ಷಿ ಮಾಡ್ರಿ, ಏನು ಮಾಡ್ತೀವಿ ಏನು ಮಾಡಂಗಿಲ್ಲ ಅಂತ ಒಂದು ಪುಟದಾಗ ಬರೀರಿ, ಗಿಡ ಕಡಿಯಂಗಿಲ್ಲ, ಬೆಂಕಿ ಹಚ್ಚಂಗಿಲ್ಲ, ಕಟ್ಟಡ ಕಟ್ಟಂಗಿಲ್ಲ, ಕಳೆ ಕೀಳೋದು, ಕಂದಕ, ಬೆಂಕಿ ಕಾವಲು, ಎಣಿಕಿ ಇಷ್ಟೇ ಅಂತ. ಕುರಿಗಾರರ ಸಹಿನೂ ಅದರಾಗ ಇರ್ಲಿ. ಅದನ್ನ ತಗೊಂಡು ವಲಯ ಅರಣ್ಯಾಧಿಕಾರಿ ಆಫೀಸಿಗೋ ಪಾಲಿಕೆಗೋ ಹೋಗಿ, ಒಂದು ವರ್ಷದ ಲಿಖಿತ ಅನುಮತಿ ಕೇಳಿ, ಒಂದು ಪ್ರತಿ ಮ್ಯಾಲ ಇನ್‌ವರ್ಡ್ ಸೀಲ್ ಹಾಕಿಸ್ಕೊಂಡು ಬರ್ರಿ.